ಕಲಮಿಲ್ಲದ ದೂರು

೩ ಫೆಬ್ರವರಿ

ಅಕ್ಕಾ,

ಬದುಕಿದ್ದೇನೆ. ನನ್ನ ಐದು ತಿಂಗಳ ರಾಕ್ಷಸಿಯೂ ಬದುಕಿದ್ದಾಳೆ. ಕ್ಷೇಮ ಸಮಾಚಾರ ಇಲ್ಲಿಗೆ ಮುಗಿಯಿತು, ಉಳಿದದ್ದೆಲ್ಲ ನಿದ್ದೆಯ ಸಮಾಚಾರ.

ನೀನು ಫೋನ್ ಎತ್ತುವುದಿಲ್ಲವೆಂದು ನನಗೇನೂ ಬೇಜಾರಿಲ್ಲ. ದಿನವಿಡೀ ಪೊಲೀಸರ ತುರ್ತು ಫೋನಿನ ಮುಂದೆ ಕೂತು ಊರಿನವರ ಗೋಳು ಕೇಳುವವಳಿಗೆ ತಂಗಿಯ ಗೋಳೂ ಅದೇ ಕಿವಿಯಿಂದ ಹೋಗಬೇಕೆಂದರೆ ಕಷ್ಟವೇ. ಹೋದ ವರ್ಷ ನಾನು ಫೋನ್ ಮಾಡಿದಾಗ ನೀನು "ತುರ್ತು ಸಹಾಯ, ನಿಮ್ಮ ವಿಳಾಸ ಹೇಳಿ" ಎಂದಿದ್ದೆ. ಅವತ್ತೇ ತೀರ್ಮಾನಿಸಿದೆ, ನಮ್ಮಿಬ್ಬರಿಗೆ ಕಾಗದವೇ ವಾಸಿ.

ನನ್ನ ಸ್ಥಿತಿ ಹೀಗಿದೆ. ಇವರು ರಾತ್ರಿಯೆಲ್ಲ ಗೂಡ್ಸ್ ರೈಲಿನ ಬಾಲದಲ್ಲಿ ಹಸಿರು ದೀಪ ಹಿಡಿದು ಕೂತು ಬೆಳಗ್ಗೆ ಬಂದು ಬಿದ್ದುಕೊಳ್ಳುತ್ತಾರೆ. ಗಾರ್ಡಿನ ನಿದ್ದೆಗೆ ಬೆಲೆಯಿದೆ, ತೂಕಡಿಸಿದರೆ ಕೆಲಸ ಹೋಗುತ್ತದೆ. ತಾಯಿಯ ನಿದ್ದೆಗೆ ಏನಿದೆ? ಒಂದೇ ಕೋಣೆಯ ಮನೆ. ಅವಳು ಅತ್ತರೆ ಇವರು ಏಳುತ್ತಾರೆ, ಇವರು ಎದ್ದರೆ ಕೂಗುತ್ತಾರೆ, ಇವರು ಕೂಗಿದರೆ ಅವಳು ಇನ್ನೂ ಜೋರಾಗಿ ಅಳುತ್ತಾಳೆ. ಹಾಗಾಗಿ ಹಗಲೆಲ್ಲ ನಾವಿಬ್ಬರೂ ಮನೆಯಿಂದ ಗಡಿಪಾರು.

ಒಂದು ದಿನ ಹೊದಿಕೆಗಳನ್ನು ಒಗೆಯಲು ಕೊಡೋಣವೆಂದು ರಸ್ತೆಯಾಚೆಯ ಲಾಂಡ್ರಿಗೆ ಹೋದೆ. ಅಲ್ಲಿಯ ದೊಡ್ಡ ಯಂತ್ರ ಗಡಗಡ ಎನ್ನುತ್ತಿತ್ತು, ನೆಲವೂ ನಡುಗುತ್ತಿತ್ತು. ರಾಕ್ಷಸಿ ಅಳು ಅರ್ಧಕ್ಕೆ ನಿಲ್ಲಿಸಿ, ಆ ಸದ್ದನ್ನು ಎಲ್ಲೋ ಕೇಳಿದ್ದೇನಲ್ಲ ಎನ್ನುವ ಮುಖ ಮಾಡಿ, ಹಾಗೇ ನಿದ್ದೆ ಹೋದಳು. ಐದು ತಿಂಗಳಲ್ಲಿ ಮೊದಲ ಸಲ! ನಾನು ಉಸಿರು ಬಿಡಲೂ ಹೆದರಿ ನಿಂತೆ. ಲಾಂಡ್ರಿಯವನನ್ನು ಬೀದಿಯಲ್ಲಿ ಎಲ್ಲರೂ ಸೋಪಣ್ಣ ಎನ್ನುತ್ತಾರೆ. ಅವನು ಇಸ್ತ್ರಿ ನಿಲ್ಲಿಸಿ ನೋಡಿದ.

"ಬಟ್ಟೆ ಕೊಟ್ಟಾಯ್ತಲ್ಲಮ್ಮ, ಇನ್ನೂ ಯಾಕೆ ನಿಂತಿದ್ದೀಯ?"

"ಮಗು ಮಲಗಿದೆ."

"ನೀನೂ ಮಲಗಿದ್ದೀಯ, ಕುದುರೆ ತರ ನಿಂತ್ಕೊಂಡೇ. ಬೆಂಚಿದೆ, ಬಿದ್ಕೋ. ಬಿಲ್ಲು ಹಾಕಲ್ಲ."

ಆವತ್ತಿನಿಂದ ಊಟವಾದ ಮೇಲೆ ದಿನವೂ ಅಲ್ಲಿಗೇ ಹೋಗುತ್ತೇವೆ. ಒಗೆದ ಟವೆಲ್ಲುಗಳ ಬುಟ್ಟಿಯಲ್ಲಿ ಅವಳು, ಗಿರಾಕಿಗಳ ಬೆಂಚಿನ ಮೇಲೆ ನಾನು. ನೀನು ಹೆಣೆದು ಕಳಿಸಿದ ಹಳದಿ ಟೋಪಿ ಹಾಕಿಕೊಂಡು ಮಲಗಿದರೆ ಥೇಟ್ ಒಂದು ಮರಿಬಾತುಕೋಳಿ. ನೋಡಿದವರೆಲ್ಲ ಯಾರು ಹೆಣೆದಿದ್ದು ಅಂತ ಕೇಳುತ್ತಾರೆ.

ಮೇಲ್ಮನೆ ಟೀಚರ್‌ಗೆ ಮಾತ್ರ ತಡೆಯಲಾಗುತ್ತಿಲ್ಲ. ಮೆಟ್ಟಿಲಲ್ಲಿ ಸಿಕ್ಕಿ, "ಏನಮ್ಮಾ, ಮನೇಲಿ ಮಂಚ ಮುರಿದಿದೆಯಾ? ನಾಲ್ಕು ಜನ ಗಂಡಸರು ಪ್ಯಾಂಟು ಕೊಡೋಕೆ ಬರೋ ಜಾಗದಲ್ಲಿ ಬಾಯಿ ತೆರ್ಕೊಂಡು ಮಲಗ್ತೀಯಲ್ಲ" ಎಂದರು. ಬಾಯಿ ತೆರೆದುಕೊಂಡೇ ಮಲಗುತ್ತೇನೆ ಅಕ್ಕಾ. ಮುಚ್ಚುವಷ್ಟು ಶಕ್ತಿ ಉಳಿದಿಲ್ಲ.

ನಿನ್ನ ಚೂಟಿ

---

೧೧ ಫೆಬ್ರವರಿ

ಚೂಟಿ,

ಟೋಪಿ ಸರಿಹೋಯಿತಲ್ಲ, ಸಮಾಧಾನ. ಅಳತೆ ಗೊತ್ತಿಲ್ಲದೆ ಕಣ್ಣಂದಾಜಿನಲ್ಲಿ ಹೆಣೆದಿದ್ದೆ. ಕುರ್ಚಿಯಲ್ಲಿ ಕೂತವಳಿಗೆ ಕೈಗೆ ಕೆಲಸ ಬೇಕು, ಕಿವಿಗಂತೂ ಇದ್ದೇ ಇದೆ.

ನಿನ್ನ ಟೀಚರಮ್ಮನಂಥವರು ನಮಗೆ ದಿನಾ ಫೋನ್ ಮಾಡುತ್ತಾರೆ. ಕೆಲಸಕ್ಕೆ ಸೇರಿದಾಗ ನಮಗೆ ಕಲಿಸಿದ ಮೊದಲ ಪಾಠವೇ ಅದು. ನಮ್ಮ ಮೇಜಿನ ಮೇಲೆ ಎರಡು ಗುಂಡಿಗಳಿವೆ. ಅಪರಾಧವಾದರೆ ಕೆಂಪು, ಗಾಡಿ ಹೊರಡುತ್ತದೆ. ಬರೀ ವಿಚಿತ್ರವಾದರೆ ಬೂದು, ಸಲಹೆಯವರಿಗೆ ಹೋಗುತ್ತದೆ. ಪಕ್ಕದ ಮನೆಯ ಗಂಡಸು ಹೆಂಡತಿಯ ಲಂಗ ಉಟ್ಟುಕೊಂಡು ಗಿಡಕ್ಕೆ ನೀರು ಹಾಕುತ್ತಾನೆ, ಬೂದು. ಮುದುಕಿಯೊಬ್ಬಳು ಸ್ಮಶಾನದ ಗೋಡೆ ಮೇಲೆ ಕೂತು ಊಟ ಮಾಡುತ್ತಾಳೆ, ಬೂದು. "ಸಾರ್, ಅದಕ್ಕೆ ಕಾನೂನಲ್ಲಿ ಕಲಮು ಇಲ್ಲ" ಎಂದು ಮೆತ್ತಗೆ ಹೇಳಬೇಕು. ಅವರಿಗೆ ಎಲ್ಲಿಲ್ಲದ ಸಿಟ್ಟು ಬರುತ್ತದೆ. ಮನೆ ದೋಚಿಸಿಕೊಂಡವರು ಅಳುತ್ತಾ ಮಾತಾಡುತ್ತಾರೆ ಚೂಟಿ. ಪಕ್ಕದ ಮನೆಯವಳು ಸರಿಯಿಲ್ಲ ಎನ್ನುವವರು ಮಾತ್ರ ಕಿರುಚುತ್ತಾರೆ.

ಹಾಗಾಗಿ ತಲೆ ಕೆಡಿಸಿಕೊಳ್ಳಬೇಡ. ನೀನು ಬೂದು.

ಅಂದಹಾಗೆ, ಆ ಲಾಂಡ್ರಿಯವನ ನಿಜವಾದ ಹೆಸರೇನು? ಗೋಡೆಗೆ ಲೈಸೆನ್ಸು ತಗುಲಿಹಾಕಿರುತ್ತಾನಲ್ಲ, ಅದರಲ್ಲಿರುವ ಪೂರ್ತಿ ಹೆಸರು ಬರೆದು ಕಳಿಸು. ಚಳಿ ಮುಗಿಯುವುದರೊಳಗೆ ಅವನಿಗೂ ಒಂದು ಮಫ್ಲರ್ ಹೆಣೆಯೋಣವೆಂದಿದ್ದೇನೆ. ಪಾರ್ಸೆಲ್ ಮೇಲೆ ಸೋಪಣ್ಣ ಎಂದು ಬರೆಯುವುದಕ್ಕಾಗುತ್ತದಾ?

ಅಕ್ಕ

---

೧೯ ಫೆಬ್ರವರಿ

ಅಕ್ಕಾ,

ನಾನು ಬೂದು ಎಂದು ಓದಿ ಎಷ್ಟು ನಕ್ಕೆನೆಂದರೆ ಇವರು ಎದ್ದುಬಿಟ್ಟರು. ಆಮೇಲಿನ ಕಥೆ ನಿನಗೆ ಗೊತ್ತು.

ಹೆಸರನ್ನು ಕಾಗದದ ಹಿಂದೆ ಬರೆದಿದ್ದೇನೆ. ಸೋಪಣ್ಣನಿಗೆ ಮಫ್ಲರಿನ ವಿಷಯ ಹೇಳಲಿಲ್ಲ. ಹೇಳಿದರೆ ಬಣ್ಣ ಯಾವುದು, ನೀರಿಗೆ ಬಿಡುತ್ತಾ, ಉಲ್ಲನ್ನು ಬಿಸಿನೀರಿಗೆ ಹಾಕಬಾರದು ಎಂದು ಶುರುಮಾಡುತ್ತಾನೆ. ಮಹಾ ಕೊರೆತದ ಮನುಷ್ಯ. ಅವನ ಅಂಗಡಿಯಲ್ಲಿ ನಿದ್ದೆ ಬರುವುದಕ್ಕೆ ಯಂತ್ರ ಅರ್ಧ ಕಾರಣ, ಅವನ ಮಾತು ಇನ್ನರ್ಧ.

ನಿನ್ನೆ ಒಂದು ತಮಾಷೆಯಾಯಿತು. ಬೆಂಚಿನ ಮೇಲೆ ಕಣ್ಣು ಬಿಟ್ಟರೆ ಬುಟ್ಟಿಯಲ್ಲಿ ಮಗು ಇಲ್ಲ! ಟವೆಲ್ಲುಗಳಿವೆ, ಅವಳು ಮಲಗಿದ್ದ ಗುಳಿಯಿದೆ, ಅವಳಿಲ್ಲ. ನೋಡಿದರೆ ಸೋಪಣ್ಣ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಬಾಗಿಲಲ್ಲಿ ಬಸ್ಸು ತೋರಿಸುತ್ತಿದ್ದಾನೆ. "ಎಚ್ಚರ ಆಗಿದ್ಲು ಕಣಮ್ಮ, ನಿನ್ನ ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ." ಆಗ ನಾನು ಏನು ಹೇಳಿದೆ ಗೊತ್ತಾ? "ಬುಟ್ಟಿ ಖಾಲಿ ನೋಡಿ, ಹೋದ್ರೆ ಹೋಗ್ಲಿ, ಇನ್ನೊಂದು ಗಳಿಗೆ ಮಲಗೋಣ ಅನ್ನಿಸ್ತು." ಸೋಪಣ್ಣ ಬಿದ್ದು ಬಿದ್ದು ನಕ್ಕ. ಬಟ್ಟೆ ಮಡಿಸುವ ಹೆಂಗಸು ಕಣ್ಣೀರು ಬರುವಷ್ಟು ನಕ್ಕಳು, ಅವಳಿಗೆ ಮೂರು ಮಕ್ಕಳು. ಸೀರೆ ತೆಗೆದುಕೊಂಡು ಹೋಗಲು ಬಂದಿದ್ದ ಟೀಚರ್ ಮಾತ್ರ ನಗಲಿಲ್ಲ. ಸೀರೆಯ ಮಡಿಕೆ ಎಣಿಸುತ್ತಾ ನನ್ನನ್ನು ನೋಡಿದರು.

ನಿನಗೆ ಹೇಳುವುದರಲ್ಲಿ ಏನಿದೆ, ಅದು ಬರೀ ತಮಾಷೆಯೂ ಅಲ್ಲ. ಆ ಒಂದು ಕ್ಷಣ ನಿಜವಾಗಿಯೂ ಹಾಗನ್ನಿಸಿತ್ತು. ನಿದ್ದೆಗೆಟ್ಟ ತಲೆಗೆ ಏನೇನೋ ಅನ್ನಿಸುತ್ತದೆ. ಮರುಕ್ಷಣ ಮಗುವನ್ನು ಅವನ ಕೈಯಿಂದ ಕಿತ್ತುಕೊಂಡು ಎಷ್ಟು ಬಿಗಿಯಾಗಿ ಅಪ್ಪಿಕೊಂಡೆನೆಂದರೆ ಅವಳು ಕಿರುಚಿದಳು. ಇದನ್ನು ಇವರಿಗೆ ಹೇಳಿದರೆ ಅರ್ಥವಾಗುವುದಿಲ್ಲ. ನಿನಗಾಗುತ್ತದೆ.

ಚೂಟಿ

---

೨೬ ಫೆಬ್ರವರಿ

ಚೂಟಿ,

ಇನ್ನು ಆ ಲಾಂಡ್ರಿಗೆ ಹೋಗಬೇಡ. ಕಾರಣ ಕೇಳಬೇಡ. ಜನ ಆಡಿಕೊಳ್ಳುತ್ತಾರೆ, ಅಷ್ಟು ಸಾಕು. ಪಾರ್ಕಿಗೆ ಹೋಗು, ಗ್ರಂಥಾಲಯಕ್ಕೆ ಹೋಗು. ನಿನ್ನ ಗಂಡನಿಗೆ ಕಿವಿಗೆ ಹತ್ತಿ ಇಟ್ಟುಕೊಳ್ಳಲು ಹೇಳು.

ಕೆಲಸ ಜಾಸ್ತಿ. ಉದ್ದ ಬರೆಯಲಾಗುತ್ತಿಲ್ಲ.

ಅಕ್ಕ

---

೬ ಮಾರ್ಚ್

ಅಕ್ಕಾ,

ಜನ ಆಡಿಕೊಳ್ಳುತ್ತಾರೆ ಎಂದೆಯಲ್ಲ, ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು. ಆಡಿಕೊಂಡಿದ್ದಷ್ಟೇ ಅಲ್ಲ, ದೂರು ಕೊಟ್ಟಿದ್ದಾರೆ. ನನ್ನ ಮೇಲೆ!

ಮೊನ್ನೆ ಬೆಳಗ್ಗೆ ಮಕ್ಕಳ ರಕ್ಷಣೆ ಕಚೇರಿಯಿಂದ ಒಬ್ಬ ಅಧಿಕಾರಿ ಬಂದಿದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳಿರಬಹುದು. ಮೆತ್ತನೆಯ ದನಿ, ಆಸ್ಪತ್ರೆಯವರ ದನಿ. ಅಡುಗೆಮನೆ ನೋಡಿದಳು. ಮಂಚದ ಕೆಳಗೆ ಬಗ್ಗಿ ನೋಡಿದಳು. ರಾಕ್ಷಸಿಯ ಅಂಗಿ ಎತ್ತಿ ಬೆನ್ನು ನೋಡಿದಳು. ಅಕ್ಕಾ, ನನ್ನ ಮಗುವಿನ ಬೆನ್ನಿನ ಮೇಲೆ ಬಾಸುಂಡೆ ಹುಡುಕಿದಳು! ಇವರು ಲುಂಗಿಯಲ್ಲಿ ಎದ್ದು ಕೂತು ಪೆದ್ದು ಪೆದ್ದಾಗಿ ನೋಡುತ್ತಿದ್ದರು. ಆಮೇಲೆ ಅವಳು ದೂರನ್ನು ಓದಿದಳು. ಹಳದಿ ಟೋಪಿಯ ಹೆಣ್ಣುಮಗುವನ್ನು ಬಟ್ಟೆಬುಟ್ಟಿಯಲ್ಲಿ ಹಾಕಿ ತಾಯಿ ಸಾರ್ವಜನಿಕ ಸ್ಥಳದಲ್ಲಿ ನಿದ್ರಿಸುತ್ತಾಳೆ. ಮಗು ಹೋದರೆ ಹೋಗಲಿ ಎಂದಿದ್ದಾಳೆ. ಮಗುವನ್ನು ನೋಡಿಕೊಳ್ಳುವವನು ಕಳ್ಳತನಕ್ಕೆ ಶಿಕ್ಷೆಯಾದವನು.

ಸೋಪಣ್ಣ ಜೈಲಿಗೆ ಹೋಗಿದ್ದನಂತೆ. ನನಗೆ ಗೊತ್ತಿರಲಿಲ್ಲ. ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ದಿನಕ್ಕೆ ಎಷ್ಟು ಹೊತ್ತು ನಿದ್ದೆ ಮಾಡ್ತೀರಾ?" ಎಂದಳು.

"ಮಾಡೋಕೆ ಹೋಗಿದ್ದಕ್ಕೇ ನೀವು ಬಂದಿದ್ದೀರಲ್ಲ."

"ಸಿಟ್ಟು ಮಾಡ್ಕೋಬೇಡಿ."

"ನಾನು ಮಾಡಿದ್ದು ಅಪರಾಧನಾ? ಹೌದು ಅನ್ನಿ, ಇಲ್ಲ ಅನ್ನಿ."

"ಅಪರಾಧ ಅಂತ ಯಾರು ಹೇಳಿದ್ರಮ್ಮ? ಕಾನೂನಲ್ಲಿ ಇದಕ್ಕೆ ಕಲಮಿಲ್ಲ. ಆದ್ರೆ ಸಾಮಾನ್ಯವಾಗಿ ತಾಯಂದಿರು ಹೀಗೆ ಮಾಡಲ್ಲ."

ಸಾಮಾನ್ಯವಾಗಿ! ಆ ಮಾತನ್ನು ನಾನು ಎರಡು ದಿನದಿಂದ ಹಲ್ಲಲ್ಲಿ ಕಚ್ಚಿಕೊಂಡು ತಿರುಗುತ್ತಿದ್ದೇನೆ. ಕಳ್ಳನಿಗಾದರೆ ವಕೀಲನಿರುತ್ತಾನೆ, ಸಾಕ್ಷಿ ಕೇಳುತ್ತಾರೆ, ಶಿಕ್ಷೆ ಕೊಟ್ಟರೂ ಅದಕ್ಕೊಂದು ಕೊನೆಯ ದಿನವಿರುತ್ತದೆ. ನನಗೇನಿದೆ? ನಾನು ಯಾವ ಕಾನೂನನ್ನೂ ಮುರಿದಿಲ್ಲ, ಆದ್ದರಿಂದ ಯಾವ ಕಾನೂನೂ ನನ್ನನ್ನು ಕಾಪಾಡುವುದಿಲ್ಲ. ಕಾಲೇಜಿನಲ್ಲಿ ಇದನ್ನೇ ಪಾಠ ಮಾಡುತ್ತಿದ್ದರು, ಅಪರಾಧ ಬೇರೆ, ರೂಢಿ ತಪ್ಪುವುದು ಬೇರೆ ಎಂದು. ಎರಡಕ್ಕೂ ನಡುವೆ ಗೆರೆ ಎಳೆದು ಬರೆದು ಒಳ್ಳೆಯ ಅಂಕ ತಗೊಂಡಿದ್ದೆ. ಗೆರೆಯ ಯಾವ ಕಡೆ ಹೆಚ್ಚು ಪೆಟ್ಟು ಬೀಳುತ್ತದೆ ಎಂದು ಯಾರೂ ಹೇಳಲಿಲ್ಲ.

ತಿಂಗಳ ಕೊನೆಗೆ ಮತ್ತೆ ಬರುತ್ತಾಳಂತೆ. ಅವತ್ತು ಅವಳಿಗೆ ಸಮಾಧಾನವಾಗದಿದ್ದರೆ ಮಗುವನ್ನು "ಸ್ವಲ್ಪ ಕಾಲ" ಬೇರೆ ಕಡೆ ಇಡಬಹುದಂತೆ. "ನೋಡಿಕೊಳ್ಳೋಕೆ ಹತ್ತಿರದ ಸಂಬಂಧಿಕರು ಯಾರಾದ್ರೂ ಇದ್ದಾರಾ?" ಎಂದಾಗ ನಿನ್ನ ವಿಳಾಸ ಕೊಟ್ಟೆ. ಇನ್ಯಾರಿದ್ದಾರೆ ನನಗೆ?

ಅವಳು ಹೋದ ಮೇಲೆ ಸೀದಾ ಮೇಲ್ಮನೆಗೆ ಹೋದೆ. ಟೀಚರ್ ಬಾಗಿಲು ತೆಗೆದ ತಕ್ಷಣ ನಾಲಿಗೆ ಹರಿಬಿಟ್ಟೆ. ಹೊಟ್ಟೆಕಿಚ್ಚಿನವಳೇ, ಮಗು ಹೆತ್ತಿದ್ದರೆ ಗೊತ್ತಾಗುತ್ತಿತ್ತು ಎಂದೆ. ಕಟ್ಟಡದವರೆಲ್ಲ ಬಾಗಿಲಿಗೆ ಬಂದರು. ಟೀಚರ್ ಮುಖ ಸುಣ್ಣವಾಯಿತು. ಒಂದು ಮಾತೂ ಆಡದೆ ಬಾಗಿಲು ಹಾಕಿಕೊಂಡರು. ತಪ್ಪಿಲ್ಲದಿದ್ದರೆ ಮಾತಾಡುತ್ತಿರಲಿಲ್ಲವೇ?

ಬೇಗ ಬರೆ. ಈ ದೂರು ಯಾರು ಕೊಟ್ಟಿದ್ದೆಂದು ನಿನಗೆ ತಿಳಿದುಕೊಳ್ಳಲಾಗುತ್ತದಾ?

ಚೂಟಿ

---

೧೩ ಮಾರ್ಚ್

ಚೂಟಿ,

ಶಾಂತವಾಗಿರು. ಅಧಿಕಾರಿ ಬಂದಾಗ ದನಿ ಏರಿಸಬೇಡ, ಅದನ್ನೂ ಅವರು ಗಮನಿಸುತ್ತಾರೆ. ಮನೆ ಅಚ್ಚುಕಟ್ಟಾಗಿರಲಿ. ತಲೆ ಬಾಚಿಕೋ.

ಮೇಲ್ಮನೆಯವರ ಜತೆ ಜಗಳ ಬೇಡ. ಅವರೇ ಕೊಟ್ಟರೆಂದು ನಿನಗೇನು ಗೊತ್ತು? ದೂರು ಕೊಟ್ಟವರ ಹೆಸರು ಯಾರಿಗೂ ಸಿಗುವುದಿಲ್ಲ, ಅದು ನಿಯಮ. ಕೊಟ್ಟವರು ಕೆಟ್ಟವರೇ ಆಗಿರಬೇಕೆಂದಿಲ್ಲ. ಮಗುವಿನ ಮೇಲಿನ ಕಾಳಜಿಯಿಂದಲೂ ಕೊಟ್ಟಿರಬಹುದು.

ಕಚೇರಿಯವರು ನನ್ನನ್ನು ಕೇಳಿದರು. ಬೇಕಾದರೆ ಕೆಲವು ವಾರ ಇಟ್ಟುಕೊಳ್ಳುತ್ತೇನೆಂದು ಒಪ್ಪಿದ್ದೇನೆ. ರಜೆಗೂ ಬರೆದಿದ್ದೇನೆ, ಪಕ್ಕದ ಮನೆಯಿಂದ ತೊಟ್ಟಿಲು ತಂದಿಟ್ಟಿದ್ದೇನೆ. ಅಷ್ಟು ದಿನ ನೀನು ಚೆನ್ನಾಗಿ ನಿದ್ದೆ ಮಾಡಬಹುದು. ಇದರಲ್ಲಿ ಕೆಟ್ಟದ್ದೇನಿದೆ ಹೇಳು?

ಅಕ್ಕ

---

೨೦ ಮಾರ್ಚ್

ತೊಟ್ಟಿಲು ತಂದಿಟ್ಟಿದ್ದೀಯಾ.

ಇವತ್ತು ಸಂಬೋಧನೆ ಬರೆಯುವುದಕ್ಕೆ ಕೈ ಬರುತ್ತಿಲ್ಲ.

ಮೊನ್ನೆ ಟೀಚರ್ ಕೆಳಗಿಳಿದು ಬಂದರು. ಎರಡು ವಾರ ಮಾತಾಡದವರು ನನ್ನ ಹೊಸ್ತಿಲಲ್ಲಿ ನಿಂತು, "ನಾನು ಆಡ್ಕೊಂಡಿದ್ದು ನಿಜ. ಇನ್ನೂ ಆಡ್ಕೋತೀನಿ. ಆದ್ರೆ ನಾನು ನಿನ್ನ ಎದುರಿಗೇ ಆಡ್ಕೋತೀನಿ ಕಣೇ. ಹಿಂದಿನಿಂದ ಹೋಗಿ ಸರ್ಕಾರದವರ ಕಿವಿ ಕಚ್ಚೋ ಬುದ್ಧಿ ನನಗಿಲ್ಲ" ಎಂದರು. ಆಮೇಲೆ, "ಮಕ್ಕಳ ವಿಷಯ ಎತ್ತಿದೆಯಲ್ಲ, ಅದನ್ನ ನಾನು ಮರೆಯಲ್ಲ" ಎಂದು ಹೊರಟುಹೋದರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಹಾಗಾದರೆ ಯಾರು? ಅಧಿಕಾರಿ ಓದಿದ ಒಂದೊಂದು ಮಾತನ್ನೂ ಮತ್ತೆ ಮನಸ್ಸಿನಲ್ಲಿ ಓದಿಕೊಂಡೆ. ಹಳದಿ ಟೋಪಿಯ ಹೆಣ್ಣುಮಗು.

ಅಕ್ಕಾ, ಆ ಟೋಪಿ ಅವಳ ತಲೆಗೆ ಒಂದು ದಿನವೂ ಹತ್ತಿಲ್ಲ. ಪಾರ್ಸೆಲ್ ಬಿಚ್ಚಿದ ದಿನವೇ ಚಿಕ್ಕದಾಗಿತ್ತು. ಎಳೆದು ನೋಡಿದೆ, ಕಿವಿಯವರೆಗೂ ಬರಲಿಲ್ಲ. ನೀನು ಬೇಜಾರು ಮಾಡಿಕೊಳ್ಳುತ್ತೀಯೆಂದು ಮರಿಬಾತುಕೋಳಿ ಎಂದು ಸುಳ್ಳು ಬರೆದೆ. ಈ ಬೀದಿಯಲ್ಲಿ ಹಳದಿ ಟೋಪಿಯ ಮಗುವನ್ನು ಯಾರೂ ನೋಡಿಲ್ಲ, ಅಂಥ ಮಗುವೇ ಇಲ್ಲ. ಅದು ಇದ್ದಿದ್ದು ನನ್ನ ಕಾಗದದಲ್ಲಿ, ಕಾಗದ ಇದ್ದಿದ್ದು ನಿನ್ನ ಹತ್ತಿರ.

ಸೋಪಣ್ಣ ಜೈಲಿಗೆ ಹೋಗಿದ್ದು ಬೀದಿಗೆ ಗೊತ್ತಿರಲಿಲ್ಲ, ಪೊಲೀಸರ ಕಂಪ್ಯೂಟರಿಗೆ ಗೊತ್ತಿತ್ತು. ಅದರ ಮುಂದೆ ದಿನಾ ಕೂರುವವಳು ಯಾರು? ಅವನ ಪೂರ್ತಿ ಹೆಸರು ಕೇಳಿ ತರಿಸಿಕೊಂಡವಳು ಯಾರು? ಮಫ್ಲರ್ ಎಲ್ಲಿಗೆ ಬಂತು?

ನನ್ನ ಕಾಗದವನ್ನು ಎದುರಿಗಿಟ್ಟುಕೊಂಡು ನೋಡಿ ನೋಡಿ ದೂರು ಬರೆದೆಯಾ ಅಥವಾ ಬಾಯಿಪಾಠವಾಗಿತ್ತಾ? "ನಿನಗೆ ಅರ್ಥವಾಗುತ್ತದೆ" ಎಂದು ಬರೆದಿದ್ದೆನಲ್ಲ, ಆ ಸಾಲನ್ನು ಯಾಕೆ ಸೇರಿಸಲಿಲ್ಲ? ಮಗುವನ್ನು ಅಪ್ಪಿಕೊಂಡ ಸಾಲನ್ನು ಯಾಕೆ ಬಿಟ್ಟೆ? ಚಿಕ್ಕಂದಿನಿಂದ ನನಗೆ ಹೊಟ್ಟೆ ನೋವಾದರೆ ಸಾಯುತ್ತೇನೆ ಎಂದವಳು, ಪರೀಕ್ಷೆ ಬಂದರೆ ಶಾಲೆಗೆ ಬೆಂಕಿ ಇಡುತ್ತೇನೆ ಎಂದವಳು ನಾನು. ಆಗೆಲ್ಲ ಒಂದೇ ಹೊದಿಕೆಯೊಳಗೆ ನಕ್ಕವಳು ನೀನು. ಈಗ ಅದೇ ಬಾಯಿಯ ಮಾತಿಗೆ ಸರ್ಕಾರವನ್ನೇ ಕಳಿಸಿದ್ದೀಯ. ಅಷ್ಟು ಭಯವಾಗಿದ್ದರೆ ಬಸ್ಸು ಹತ್ತಿ ಬರಬಾರದಿತ್ತೇ? "ಏನೇ ಇದು, ಹುಚ್ಚಿ" ಎಂದು ಕೆನ್ನೆಗೆ ಬಾರಿಸಿದ್ದರೂ ಸಹಿಸುತ್ತಿದ್ದೆ.

ನಿನ್ನ ಕೆಲಸದಿಂದ ಏನಾಗಿದೆ ಗೊತ್ತಾ? ಅಧಿಕಾರಿಯ ಗಾಡಿ ಲಾಂಡ್ರಿಯ ಮುಂದೂ ನಿಂತಿತು. ಅವಳು ಒಳಗೆ ಹೋಗಿ ಜೈಲಿನ ವಿಷಯ ಜೋರಾಗಿಯೇ ಕೇಳಿದಳಂತೆ. ಮಾರನೆಯ ದಿನದಿಂದ ಜನ ಒಗೆಯದ ಬಟ್ಟೆಯನ್ನೂ ವಾಪಸ್ ತಗೊಂಡು ಹೋಗುತ್ತಿದ್ದಾರೆ. ನಾನು ಮುಖ ಗಟ್ಟಿ ಮಾಡಿಕೊಂಡು ಕೇಳಿದೆ, ನಿಜವಾ ಎಂದು.

"ನಿಜ ಕಣಮ್ಮ. ಮೀಸೆ ಬರೋ ವಯಸ್ಸಲ್ಲಿ ಗೋದಾಮು ಒಡೆದಿದ್ದೆ. ಒಳಗೆ ಹಾಕಿದ್ರು, ಕೊಟ್ಟಷ್ಟೂ ಕಳೆದೆ. ಒಗೆಯೋದು ಅಲ್ಲೇ ಕಲ್ತಿದ್ದು."

"ಯಾರಿಗೂ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಮಗು ತಂದು ಬುಟ್ಟೀಲಿ ಹಾಕ್ತಿದ್ಯಾ?"

ಅವನು ಇಸ್ತ್ರಿಯ ಮೇಲೆ ಕಣ್ಣಿಟ್ಟು, "ಇನ್ನು ಬರಬೇಡಮ್ಮ. ನಿನಗಾಗಿ ಹೇಳ್ತಿಲ್ಲ, ನನಗಾಗಿ ಹೇಳ್ತಿದ್ದೀನಿ. ನೀನು ಬಂದ್ರೆ ಆ ಅಧಿಕಾರೀನೂ ಬರ್ತಾಳೆ" ಎಂದ. ಶಿಕ್ಷೆ ಮುಗಿಸಿ ಬಂದವನಿಗೆ ಇದು ಎರಡನೆಯ ಶಿಕ್ಷೆ, ಈ ಸಲ ನ್ಯಾಯಾಧೀಶೆ ನೀನು. ನಾನು ನಿದ್ದೆ ಮಾಡಿ ಇವತ್ತಿಗೆ ಎಷ್ಟು ದಿನವಾಯಿತೆಂದು ಲೆಕ್ಕವಿಟ್ಟಿಲ್ಲ. ಅಕ್ಷರಗಳು ಓಡಾಡುತ್ತಿವೆ.

ಒಂದು ಮಾತು ಕೇಳು. ಸಂಬಂಧವಿಲ್ಲದವರ ಹೆಸರು ಹಾಕಿ ಪೊಲೀಸರ ದಾಖಲೆ ತೆಗೆದು ನೋಡುವುದಕ್ಕೆ ಕಲಮಿದೆ. ನೀನೇ ಒಮ್ಮೆ ಹೇಳಿದ್ದೆ, ಕೆಲಸ ಹೋಗುತ್ತದೆ, ಕೇಸೂ ಆಗುತ್ತದೆ ಎಂದು. ಹಾಗಾದರೆ ಲೆಕ್ಕ ಹಾಕು. ಈ ಇಡೀ ಕಥೆಯಲ್ಲಿ ಈಗ ಅಪರಾಧ ಮಾಡಿರುವುದು ನೀನೊಬ್ಬಳೇ. ವಿಚಾರಣೆ ನಡೆಯುತ್ತಿರುವುದು ನನ್ನ ಮನೆಯಲ್ಲಿ, ಬಾಸುಂಡೆ ಹುಡುಕುತ್ತಿರುವುದು ನನ್ನ ಮಗುವಿನ ಬೆನ್ನ ಮೇಲೆ.

ತಿಂಗಳ ಕೊನೆಯ ದಿನ ಆ ಹೆಂಗಸು ಬರುತ್ತಾಳೆ. ಅದಕ್ಕೆ ಮುಂಚೆ ನೀನು ಅವಳಿಗೆ ಹೇಳಬೇಕು, ದೂರು ಕೊಟ್ಟಿದ್ದು ಯಾರು, ಟೋಪಿ ಎಲ್ಲಿಂದ ಬಂತು, ಸೋಪಣ್ಣನ ವಿಷಯ ಹೇಗೆ ಗೊತ್ತಾಯಿತು ಎಲ್ಲವನ್ನೂ. ಇಲ್ಲದಿದ್ದರೆ ತೊಟ್ಟಿಲಿಗೆ ಕೈ ಹಾಕಬೇಡ. ನನ್ನ ಮಗುವನ್ನು ನಿನ್ನ ಮನೆಗೆ ಕಳಿಸುವುದಕ್ಕಿಂತ ಅನಾಥಾಲಯಕ್ಕೆ ಕಳಿಸುತ್ತೇನೆ. ನೋಡು, ಮತ್ತೆ ಅಂಥದ್ದೇ ಸಾಲು ಬರೆದೆ. ಹೋಗು, ಇದಕ್ಕೂ ಫೋನ್ ಮಾಡು.

---

೨೯ ಮಾರ್ಚ್

ಚೂಟಿ,

ಹೇಳಿದೆ. ಮೊದಲು ನಿನ್ನ ಅಧಿಕಾರಿಗೆ ಫೋನಿನಲ್ಲಿ, ಆಮೇಲೆ ನನ್ನ ಮೇಲಧಿಕಾರಿಗೆ ಎದುರಿಗೆ.

ನಿನ್ನ ಎರಡನೆಯ ಕಾಗದ ಬರುವ ಮೊದಲೇ ನಾನು ಹೆದರಿದ್ದೆ. ಗುರುತಿಲ್ಲದ ಗಂಡಸು, ಮಲಗಿದ ತಾಯಿ. ಹೆಸರು ಬಂದ ದಿನವೇ ಹಾಕಿ ನೋಡಿದೆ. ಪರದೆಯ ಮೇಲೆ "ಶಿಕ್ಷೆ" ಎಂಬ ಪದ ಬಂತು. ಅದೇ ಕಾಗದದಲ್ಲಿ "ಹೋದರೆ ಹೋಗಲಿ" ಎಂದಿತ್ತು. ಆ ಸಾಲನ್ನು ನಿನ್ನ ದನಿಯಲ್ಲಿ ಓದಲಾಗಲಿಲ್ಲ ಚೂಟಿ. ದಿನಾ ಕಿವಿಯೊಳಗೆ ಕೇಳುವ ಯಾರದ್ದೋ ದನಿಯಲ್ಲಿ ಓದಿಕೊಂಡೆ. ಅವರಲ್ಲಿ ಕೆಲವರು ತಮಾಷೆ ಮಾಡುತ್ತಿರಲಿಲ್ಲ. ಬಸ್ಸು ಹತ್ತಬೇಕಿತ್ತು. ಗುಂಡಿ ಒತ್ತುವುದು ಅಭ್ಯಾಸವಾಗಿಬಿಟ್ಟಿದೆ. ಅದೂ ಬೂದು ಒತ್ತಬೇಕಾದಲ್ಲಿ ಕೆಂಪು ಒತ್ತಿದೆ. ಮಾಡಿದ್ದು ತಪ್ಪು. ಆದರೆ ಮತ್ತೆ ಅಂಥ ಸಾಲು ಓದಿದರೆ ಹೆದರುವುದಿಲ್ಲವೆಂದು ಪ್ರಮಾಣ ಮಾಡಲಾರೆ.

ಇಲ್ಲಿ ಏನಾಯಿತೆಂದು ಹೇಳುತ್ತೇನೆ, ಅಳುವುದಕ್ಕಲ್ಲ. ನಮ್ಮ ಕೋಣೆಯಲ್ಲಿ ದಾಖಲೆ ನೋಡದವರು ಯಾರೂ ಇಲ್ಲ. ನನ್ನ ಪಕ್ಕದ ಕುರ್ಚಿಯವಳು ಮಗಳಿಗೆ ಬಂದ ಗಂಡುಗಳನ್ನೆಲ್ಲ ಹಾಕಿ ನೋಡಿದ್ದಾಳೆ, ಟೀ ಕುಡಿಯುತ್ತಾ ನಮಗೆಲ್ಲ ಹೇಳಿ ನಗಿಸಿದ್ದಾಳೆ. ಮೇಲಧಿಕಾರಿ ತನ್ನ ಬಾಡಿಗೆದಾರರನ್ನು ನೋಡುತ್ತಾನೆ. ನಾನು ಹೋಗಿ ಒಪ್ಪಿಕೊಂಡಾಗ ಅವನು ತಲೆ ಹಿಡಿದುಕೊಂಡು ಹೇಳಿದ್ದು ಒಂದೇ ಮಾತು: "ಮಾಡಿದ್ದು ಮಾಡಿದ್ದೀಯ, ಬಂದು ಹೇಳೋದ್ಯಾಕೆ? ತಲೆ ಸರಿ ಇದೆಯಾ?" ಸಂಜೆಯ ಹೊತ್ತಿಗೆ ಟೀ ಮೇಜಿನಿಂದ ಎಲ್ಲರೂ ಎದ್ದುಹೋದರು. ಪಕ್ಕದವಳು ಕುರ್ಚಿ ಬದಲಾಯಿಸಿಕೊಂಡಳು. ನಾನು ಕಾನೂನು ಮುರಿದಾಗ ಯಾರಿಗೂ ನಾನು ವಿಚಿತ್ರವಾಗಿ ಕಂಡಿರಲಿಲ್ಲ. ಹೇಳಿದ ಮೇಲೆ ಕಂಡೆ. ಅವರ ಕಣ್ಣಲ್ಲಿ ಈಗ ಸ್ಮಶಾನದ ಗೋಡೆ ಮೇಲೆ ಕೂತು ಊಟ ಮಾಡುವವಳು ನಾನೇ.

ಅಮಾನತು ಮಾಡಿದ್ದಾರೆ. ಕೇಸು ಹಾಕುತ್ತಾರೋ ಇಲ್ಲವೋ ಗೊತ್ತಿಲ್ಲ, ಹಾಕಿದರೆ ಎಲ್ಲರದ್ದೂ ಹೊರಬರುತ್ತದೆಂದು ಅವರಿಗೇ ಭಯ. ಮೂರು ಜತೆ ಯೂನಿಫಾರ್ಮನ್ನು ಒಗೆಸಿ ಇಸ್ತ್ರಿ ಮಾಡಿಸಿ ವಾಪಸ್ ಕೊಡಬೇಕು. ತೊಟ್ಟಿಲನ್ನು ಅವರ ಮನೆಗೆ ಹಿಂದಿರುಗಿಸಿದೆ.

ಕ್ಷಮಿಸು ಎಂದು ಬರೆಯುವುದಿಲ್ಲ. ಬರಲಾ?

ಅಕ್ಕ

---

೬ ಏಪ್ರಿಲ್

ಅಕ್ಕಾ,

ಅಧಿಕಾರಿ ಬಂದಿದ್ದಳು. ಈ ಸಲ ಕೂರಲೂ ಇಲ್ಲ. ದೂರು ಮುಚ್ಚಿದೆ, ಮಗು ನಿಮ್ಮ ಹತ್ತಿರವೇ ಇರುತ್ತದೆ ಎಂದಳು. ಅವಳು ಮೆಟ್ಟಿಲಿಳಿಯುತ್ತಾ ತಿರುಗಿ, "ಆದ್ರೂ ಸ್ವಲ್ಪ ನೋಡ್ಕೊಂಡಿರಿ. ಆ ಲಾಂಡ್ರಿ ಕಡೆ ಹೋಗಬೇಡಿ" ಎಂದಳು.

ಆದ್ರೂ! ಗೆದ್ದ ಮೇಲೂ ನನ್ನ ಕೈಯಲ್ಲಿ ಉಳಿದಿದ್ದು ಆ "ಆದ್ರೂ". ಕಟ್ಟಡದವರು ನನ್ನನ್ನು ಕಂಡರೆ ಈಗ ಹಿಂದೆಂದಿಗಿಂತ ಸಿಹಿಯಾಗಿ ಮಾತಾಡುತ್ತಾರೆ. ಮಗುವನ್ನು ಎತ್ತಿಕೊಳ್ಳುವ ನೆಪದಲ್ಲಿ ಅಂಗಿ ಸರಿಸಿ ನೋಡುತ್ತಾರೆ. ಟೀಚರ್ ಹತ್ತಿರ ಹೋಗಿ ತಪ್ಪಾಯಿತು ಎಂದೆ. "ಸರಿ" ಎಂದರು, ಅಷ್ಟೆ. ಸೋಪಣ್ಣನ ಅಂಗಡಿಯ ಎರಡು ಯಂತ್ರಗಳಲ್ಲಿ ಒಂದು ನಿಂತಿದೆ. ಬಟ್ಟೆ ಮಡಿಸುವ ಹೆಂಗಸನ್ನು ಬಿಡಿಸಿದ್ದಾನೆ.

ನಿನ್ನನ್ನು ಕ್ಷಮಿಸಿಲ್ಲ. ನಿನ್ನ ಕಾಗದ ಓದಿ ಪಾಪ ಅನ್ನಿಸಿತು, ಪಾಪ ಅನ್ನಿಸಿದ್ದಕ್ಕೆ ಇನ್ನೂ ಸಿಟ್ಟು ಬಂತು. ನೀನು ನಿಜ ಹೇಳಿದ್ದಕ್ಕೆ ಕೈ ಮುಗಿಯಬೇಕೆಂದು ಕಾಯಬೇಡ. ನನ್ನ ಮಗುವನ್ನು ಕಸಿಯಲು ಬಂದವರನ್ನು ನೀನೇ ಕಳಿಸಿದೆ, ನೀನೇ ವಾಪಸ್ ಕರೆಸಿದೆ. ನಡುವಿನ ದಿನಗಳು ನನ್ನವು.

ಆದರೂ ಬಾ. ನೋಡು, ಆ ಮಾತು ನನ್ನ ಬಾಯಿಗೂ ಅಂಟಿಕೊಂಡಿದೆ.

ಬಂದು ಸಮಜಾಯಿಷಿ ಕೊಡಬೇಡ, ಅಳಬೇಡ, ತಲೆ ಬಾಚಿಕೋ ಅನ್ನಬೇಡ. ಬಸ್ಸಿಳಿದವಳು ಮೊದಲು ರಸ್ತೆಯಾಚೆ ಹೋಗು. ಆ ಮೂರು ಜತೆ ಯೂನಿಫಾರ್ಮನ್ನು ಅಲ್ಲೇ ಒಗೆಯಲು ಕೊಡು. ಯಾರು ನೀನೆಂದು ಸೋಪಣ್ಣನಿಗೆ ನಿನ್ನ ಬಾಯಿಂದಲೇ ಹೇಳು. ಅವನು ಬೈದರೆ ನಿಂತು ಕೇಳು, ಬಟ್ಟೆ ಮುಖಕ್ಕೆ ಎಸೆದರೆ ಎತ್ತಿಕೊಂಡು ಮತ್ತೆ ಕೊಡು. ತೊಳೆದು ಇಸ್ತ್ರಿಯಾದ ಮೇಲೆ ಬೀದಿಗೆ ಕಾಣುವ ಗೂಟಕ್ಕೆ ತಗುಲಿಹಾಕಲು ಕೇಳಿಕೋ. ಪೊಲೀಸರ ಬಟ್ಟೆ ಅಲ್ಲಿ ನೇತಾಡುವುದನ್ನು ಇಡೀ ಕಟ್ಟಡ ಕಿಟಕಿಯಿಂದ ನೋಡಲಿ. ಅವನು ಒಪ್ಪುತ್ತಾನೆಂದು ನನಗೇನೂ ಧೈರ್ಯವಿಲ್ಲ.

ಆಮೇಲೆ ಮೇಲೆ ಬಂದು ಮಗುವನ್ನು ಎತ್ತಿಕೊಂಡು ಹೊರಗೆ ಹೋಗು. ಅವಳು ನಿನ್ನನ್ನು ನೋಡಿ ಅಳುತ್ತಾಳೆ, ಅಳಲಿ. ನಾನು ಬಾಗಿಲು ಹಾಕಿಕೊಂಡು ಬಾಯಿ ತೆರೆದುಕೊಂಡು ಮಲಗುತ್ತೇನೆ. ಏಳುವವರೆಗೆ ಎಬ್ಬಿಸಬೇಡ.

ಚೂಟಿ